ತೆರೆಯ ಮಾತು, ತರಗತಿಯ ಮಾತು: ಜನಪ್ರಿಯ ಕಲೆಗಳ ಮೂಲಕ ಅನ್ಯಭಾಷೆಯ ಕಲಿಕೆ

ರಾಯದುರ್ಗ, ಡಿ. ಹಿರೇಹಾಳ್, ಬೊಮ್ಮನಹಾಳ್ ಭಾಗದಲ್ಲಾಗಲಿ, ಮಡಕಶಿರಾ ಸೀಮೆಯ ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಮಂಡಲಗಳಲ್ಲಾಗಲಿ, ಕನ್ನಡ ಶಾಲೆಯ ಮೆಟ್ಟಿಲೇರುವ ಮಗುವಿಗೆ ಇನ್ನೂ ಒಂದಕ್ಷರ ಬಾರದಿದ್ದರೂ ತೆಲುಗು ಚಲನಚಿತ್ರದ ಹಾಡೊಂದು ಪಲ್ಲವಿಯಿಂದ ಚರಣದವರೆಗೆ ಬಾಯಿಗೆ ಬಂದಿರುತ್ತದೆ. ಆ ಹಾಡನ್ನು ಯಾರೂ ಕುಳಿತು ಕಲಿಸಿದವರಲ್ಲ. ಅದೇ ಮಗು ಕೆಲವು ವರ್ಷಗಳ ಬಳಿಕ ತೆಲುಗು ವಾಚಕವನ್ನು ತೆರೆದಾಗ ತಡವರಿಸುತ್ತದೆ. ಕನ್ನಡ ಪದ್ಯವನ್ನು ಕಂಠಪಾಠ ಮಾಡಲು ಹಿಂಜರಿಯುತ್ತದೆ. ಮನೆಯ ದೂರದರ್ಶನವೂ ಊರಿನ ಚಿತ್ರಮಂದಿರವೂ ಕೈಯಲ್ಲಿರುವ ಮೊಬೈಲೂ ನಿರಾಯಾಸವಾಗಿ ಮಾಡುವ ಕೆಲಸ ತರಗತಿಯಲ್ಲಿ ಏಕೆ ಪ್ರಯಾಸದ್ದಾಗುತ್ತದೆ ಎಂಬುದು ಗಡಿನಾಡಿನ ಪ್ರತಿಯೊಬ್ಬ ಅಧ್ಯಾಪಕರ ಅನುಭವಕ್ಕೆ ಬಂದಿರುವ ಪ್ರಶ್ನೆ. ಜನಪ್ರಿಯ ಕಲೆಗಳು ಅನ್ಯಭಾಷೆಯ ಕಲಿಕೆಗೆ ಹೇಗೆ ಪ್ರೇರಣೆಯಾಗುತ್ತವೆ, ಎಲ್ಲಿ ನಿಂತುಬಿಡುತ್ತವೆ, ಅವು ನಿಂತ ಸ್ಥಳದಿಂದ ಅಧ್ಯಾಪಕರು ಮಗುವನ್ನು ಹೇಗೆ ಮುಂದಕ್ಕೆ ಕರೆದೊಯ್ಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಬಯಕೆ ಮೊದಲು, ವ್ಯಾಕರಣ ಅನಂತರ

ಭಾಷೆಯೊಂದನ್ನು ಕಲಿಯಬೇಕೆಂಬ ಬಯಕೆ ಅನೇಕ ವೇಳೆ ಕಥೆಯಿಂದ ಅಥವಾ ಹಾಡಿನಿಂದ ಹುಟ್ಟುತ್ತದೆ. ಇಂದಿನ ಜಗತ್ತಿನಲ್ಲಿ ಇದಕ್ಕೆ ಎದ್ದುಕಾಣುವ ನಿದರ್ಶನ ಜಪಾನೀ ಭಾಷೆ. ಜಪಾನ್ ಫೌಂಡೇಶನ್ ಸಂಸ್ಥೆಯ 2021ರ ಸಮೀಕ್ಷೆಯಂತೆ ಜಪಾನಿನ ಹೊರಗೆ ಸುಮಾರು 38 ಲಕ್ಷ ಜನರು ವಿದ್ಯಾಸಂಸ್ಥೆಗಳಲ್ಲಿ ಆ ಭಾಷೆಯನ್ನು ಕಲಿಯುತ್ತಿದ್ದರು. ಕಲಿಯಲು ಕಾರಣವೇನೆಂಬ ಪ್ರಶ್ನೆಗೆ ದೊರೆತ ಮುಖ್ಯ ಉತ್ತರಗಳಲ್ಲಿ ಅನಿಮೆ ಎಂಬ ಚಲಿಸುವ ವ್ಯಂಗ್ಯಚಿತ್ರಗಳು, ಮಾಂಗಾ ಎಂಬ ಚಿತ್ರಕಥೆಗಳು ಹಾಗೂ ಜಪಾನೀ ಪಾಪ್ ಸಂಗೀತದ ಆಕರ್ಷಣೆ ಸೇರಿದೆ. ಮೂರು ಬಗೆಯ ಲಿಪಿಗಳನ್ನು ಏಕಕಾಲಕ್ಕೆ ಬಳಸುವ, ಗೌರವಸೂಚಕ ರೂಪಗಳಿಂದ ಜಟಿಲವಾದ ಭಾಷೆಯದು. ಅಷ್ಟು ಕಷ್ಟವನ್ನು ಸಹಿಸಿಕೊಳ್ಳುವ ಬಲವನ್ನು ಕಲಿಯುವವರಿಗೆ ಕೊಟ್ಟದ್ದು ಕಥೆಯ ಮೇಲಿನ ಪ್ರೀತಿ. ನಮ್ಮ ಮಕ್ಕಳಿಗೂ ಡೋರೆಮಾನ್, ಶಿನ್‌ಚಾನ್ ಅಪರಿಚಿತರೇನಲ್ಲ.

ಈ ಸಂಗತಿ ಹೊಸತೂ ಅಲ್ಲ, ಹೊರದೇಶದ್ದು ಮಾತ್ರವೂ ಅಲ್ಲ. 19ನೆಯ ಶತಮಾನದ ಕೊನೆಯಲ್ಲಿ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಕಾದಂಬರಿಯನ್ನು ಓದುವುದಕ್ಕಾಗಿಯೇ ಉರ್ದು ಮಾತ್ರ ಬಲ್ಲ ಅನೇಕರು ನಾಗರಿ ಲಿಪಿಯನ್ನೂ ಹಿಂದಿಯನ್ನೂ ಕಲಿತರೆಂದು ಹಿಂದಿ ಸಾಹಿತ್ಯ ಚರಿತ್ರೆಕಾರರು ಹೇಳುತ್ತ ಬಂದಿದ್ದಾರೆ. ಕನ್ನಡದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಗರಿಗೆ ನೀಡಿದರು. ಅಂದು ಕಾದಂಬರಿಯೇ ಜನಪ್ರಿಯ ಕಲೆಯಾಗಿತ್ತು. ಇಂದು ಆ ಸ್ಥಾನದಲ್ಲಿ ಚಲನಚಿತ್ರ, ಧಾರಾವಾಹಿ, ಮೊಬೈಲಿನ ಕಿರುದೃಶ್ಯಗಳಿವೆ. ಸಾಧನ ಬದಲಾದರೂ ಮನಸ್ಸಿನ ವ್ಯಾಪಾರ ಒಂದೇ.

ಗಡಿಯ ನೆಲದ ಪರಂಪರೆ

ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸುವವರೆಗೂ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿ ಮೊದಲಾದವು ಮೈಸೂರಿಗೂ ಸೇರಿದವು. ಮಡಕಶಿರಾ ಅದಕ್ಕೂ ಬಹಳ ಹಿಂದಿನಿಂದ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್‌ನಲ್ಲಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಮರಾಪುರ ಮಂಡಲದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಕನ್ನಡ ಶಾಸನಗಳು ಪ್ರಸಿದ್ಧ. ಹೀಗೆ ಆಡಳಿತದ ಗೆರೆಗಳು ಸರಿದಾಡಿದರೂ ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬಾಳುತ್ತ ಬಂದಿವೆ.

ಈ ಬಾಳುವೆಗೆ ರಂಗಭೂಮಿ ದೊಡ್ಡ ಆಸರೆಯಾಗಿತ್ತು. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನೀ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ತೆಲುಗು ನಾಟಕಗಳನ್ನು ಬೆಳೆಸಿದವು. ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ 1880ರಲ್ಲಿ ಜನಿಸಿದ ಬಳ್ಳಾರಿ ರಾಘವರು ತೆಲುಗು, ಕನ್ನಡ ಎರಡರಲ್ಲೂ ಅಭಿನಯಿಸಿ ಎರಡೂ ನಾಡುಗಳ ಅಭಿಮಾನಕ್ಕೆ ಪಾತ್ರರಾದರು. ಧರ್ಮವರಂ ಸಮೀಪದ ನಿಮ್ಮಲಕುಂಟದಲ್ಲಿ ತೊಗಲುಗೊಂಬೆಯಾಟದ ಕಲಾವಿದರ ಮನೆಮಾತು ಮರಾಠಿಯ ಒಂದು ರೂಪ. ಆಟದ ಮಾತು ಪ್ರೇಕ್ಷಕರದ್ದು. ಕಲೆಗಾಗಿ ಕಲಾವಿದನೂ, ಕಲೆಯ ಮೂಲಕ ಪ್ರೇಕ್ಷಕನೂ ಮತ್ತೊಂದು ಭಾಷೆಯನ್ನು ಕಲಿಯುವುದು ಈ ನೆಲದಲ್ಲಿ ವಾಡಿಕೆಯ ಸಂಗತಿ.

ಚಲನಚಿತ್ರ ಬಂದಮೇಲೆ ಈ ವಾಡಿಕೆ ವಿಸ್ತಾರವಾಯಿತು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜಕುಮಾರ್ ಅದೇ ಕಥೆಯ ತೆಲುಗು ರೂಪವಾದ ‘ಕಾಳಹಸ್ತಿ ಮಹಾತ್ಮ್ಯಂ’ದಲ್ಲಿಯೂ ನಾಯಕರಾಗಿ ಅಭಿನಯಿಸಿದರು. ರಾಜಕುಮಾರರ ಹಾಡುಗಳಿಗೆ ದೀರ್ಘಕಾಲ ಕಂಠವಾದ ಪಿ.ಬಿ. ಶ್ರೀನಿವಾಸ್ ಕಾಕಿನಾಡದಲ್ಲಿ ಜನಿಸಿದವರು. ಕನ್ನಡ ಹಾಡುಗಾರಿಕೆಯಲ್ಲಿ ಮನೆಮಾತಾದ ಎಸ್. ಜಾನಕಿ ಗುಂಟೂರು ಸೀಮೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅನಂತಪುರದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ, ಓದು ಪೂರೈಸದೆ ಗಾಯನಕ್ಕೆ ಹೊರಳಿದವರು. 1967ರಿಂದ ಕನ್ನಡದಲ್ಲಿ ಹಾಡತೊಡಗಿದರು. ಮುಂದೆ ದೂರದರ್ಶನ ವಾಹಿನಿಗಳಲ್ಲಿ ಅವರು ನಡೆಸಿಕೊಟ್ಟ ‘ಪಾಡುತಾ ತೀಯಗಾ’ ಎಂಬ ತೆಲುಗು ಕಾರ್ಯಕ್ರಮದಲ್ಲಿಯೂ ‘ಎದೆ ತುಂಬಿ ಹಾಡುವೆನು’ ಎಂಬ ಕನ್ನಡ ಕಾರ್ಯಕ್ರಮದಲ್ಲಿಯೂ ಹಾಡುವ ಮಕ್ಕಳ ಉಚ್ಚಾರವನ್ನು ತಿದ್ದಿ, ಸಾಹಿತ್ಯದ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರು. ಮನೆಮಾತು ತೆಲುಗಾದವರು ಕನ್ನಡ ಮಕ್ಕಳಿಗೆ ಕನ್ನಡದ ಉಚ್ಚಾರ ತಿದ್ದಿದ ಆ ದೃಶ್ಯ ಗಡಿನಾಡಿನ ಭಾಷಾಧ್ಯಾಪಕರಿಗೆ ಒಂದು ಪಾಠವೇ ಸರಿ. ಜನಪ್ರಿಯ ಕಲೆ ಮಗುವನ್ನು ಕರೆತರುತ್ತದೆ. ತಿದ್ದುವ ಹಿರಿಯರೊಬ್ಬರು ಅಲ್ಲಿದ್ದಾಗ ಕಲಿಕೆ ನಿಲ್ಲುತ್ತದೆ, ಊರುತ್ತದೆ.

ಡಬ್ಬಿಂಗ್ ಇಲ್ಲದ ಕಾಲ ಕಲಿಸಿದ್ದು

1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಮುಂದಾಳುಗಳಾಗಿದ್ದ ಚಳವಳಿಯ ಬಳಿಕ ಅನ್ಯಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ಪದ್ಧತಿ ಹಲವು ದಶಕಗಳ ಕಾಲ ಬಹುತೇಕ ನಿಂತುಹೋಯಿತು. ಕನ್ನಡ ಚಿತ್ರೋದ್ಯಮದ ರಕ್ಷಣೆಯೇ ಅದರ ಉದ್ದೇಶ. ಅದರಿಂದ ಯಾರೂ ಯೋಜಿಸದ ಒಂದು ಪರಿಣಾಮವೂ ಉಂಟಾಯಿತು. ಬಳ್ಳಾರಿಯ, ಪಾವಗಡದ, ಬೆಂಗಳೂರಿನ ಕನ್ನಡಿಗರು ತೆಲುಗು ಚಿತ್ರಗಳನ್ನು ತೆಲುಗಿನಲ್ಲಿಯೇ ನೋಡಿದರು. ನೋಡುತ್ತ ನೋಡುತ್ತ ಭಾಷೆಯನ್ನು ಗ್ರಹಿಸಿದರು. ತಾಡಿಪತ್ರಿಯವರೇ ಆದ ಕೆ.ವಿ. ರೆಡ್ಡಿಯವರು ನಿರ್ದೇಶಿಸಿದ ‘ಪಾತಾಳ ಭೈರವಿ’, ‘ಮಾಯಾಬಜಾರ್’ಗಳಿಂದ ಹಿಡಿದು ಕೆ. ವಿಶ್ವನಾಥರ ‘ಶಂಕರಾಭರಣಂ’ವರೆಗಿನ ತೆಲುಗು ಚಿತ್ರಗಳಿಗೆ ಕನ್ನಡಿಗರಲ್ಲಿ ದೊಡ್ಡ ಪ್ರೇಕ್ಷಕವರ್ಗವಿತ್ತು. ಪರಭಾಷೆಯ ಚಿತ್ರಗಳಿಗೆ ಧ್ವನಿ ಬದಲಿಸದೆ ಅಡಿಬರಹ ಹಾಕಿ ತೋರಿಸುವ ಸ್ವೀಡನ್, ನೆದರ್‌ಲೆಂಡ್ಸ್ ಮೊದಲಾದ ದೇಶಗಳಲ್ಲಿ ಇಂಗ್ಲಿಷ್ ಬಲ್ಲವರು ಹೆಚ್ಚೆಂಬುದಕ್ಕೆ ಇದನ್ನೂ ಒಂದು ಕಾರಣವಾಗಿ ವಿದ್ವಾಂಸರು ಹೇಳುವುದುಂಟು.

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್‌ಗೆ ತಡೆಯೊಡ್ಡುವುದು ಸರಿಯಲ್ಲವೆಂದು ಆದೇಶಿಸಿದ ಬಳಿಕ ಸ್ಥಿತಿ ಬದಲಾಗಿದೆ. ಈಗ ತೆಲುಗು ಚಿತ್ರ ಕನ್ನಡದಲ್ಲಿಯೂ, ಕನ್ನಡ ಚಿತ್ರ ತೆಲುಗಿನಲ್ಲಿಯೂ ದೊರೆಯುತ್ತದೆ. 2018ರ ‘ಕೆ.ಜಿ.ಎಫ್.’, 2022ರ ‘ಕಾಂತಾರ’ ತೆಲುಗು ಪ್ರೇಕ್ಷಕರನ್ನು ಹೀಗೆಯೇ ಮುಟ್ಟಿದವು. ‘ಕಾಂತಾರ’ ಕನ್ನಡದಲ್ಲಿ ಸೆಪ್ಟೆಂಬರ್ 30ರಂದು, ತೆಲುಗಿನಲ್ಲಿ ಎರಡು ವಾರಗಳ ಬಳಿಕ ತೆರೆಕಂಡಿತು. ಅನುಕೂಲ ಹೆಚ್ಚಿದಂತೆ ಮತ್ತೊಂದು ಭಾಷೆಗೆ ಕಿವಿಗೊಡುವ ಅಗತ್ಯ ಕಡಿಮೆಯಾಗುತ್ತದೆ. ಆದುದರಿಂದ ಹಿಂದೆ ಚಿತ್ರಮಂದಿರ ತಾನಾಗಿ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಇನ್ನು ಮುಂದೆ ಅಧ್ಯಾಪಕರೇ ಯೋಜಿಸಬೇಕಾಗುತ್ತದೆ.

ಪ್ರೇರಣೆಯ ಸ್ವರೂಪ

ಕೆನಡಾದ ಮನೋವಿಜ್ಞಾನಿಗಳಾದ ರಾಬರ್ಟ್ ಗಾರ್ಡ್‌ನರ್ ಮತ್ತು ವಾಲೇಸ್ ಲ್ಯಾಂಬರ್ಟ್ ಅನ್ಯಭಾಷಾ ಕಲಿಕೆಯ ಪ್ರೇರಣೆಯನ್ನು ಎರಡಾಗಿ ವಿಂಗಡಿಸಿದರು. ಉದ್ಯೋಗ, ಪರೀಕ್ಷೆ, ವ್ಯಾಪಾರಗಳಿಗಾಗಿ ಕಲಿಯುವುದು ಸಾಧನಾತ್ಮಕ ಪ್ರೇರಣೆ. ಆ ಭಾಷೆಯನ್ನಾಡುವ ಜನರೊಡನೆ ಬೆರೆಯಬೇಕು, ಅವರ ಬದುಕನ್ನು ಅರಿಯಬೇಕು ಎಂಬ ಹಂಬಲದಿಂದ ಕಲಿಯುವುದು ಸಂಯೋಜಕ ಪ್ರೇರಣೆ. ಗಡಿನಾಡಿನ ಮಗುವಿಗೆ ತೆಲುಗು ಬೇಕಾಗಿರುವುದು ಕಚೇರಿ, ಬಸ್ಸು, ಸಂತೆ, ಮುಂದಿನ ವಿದ್ಯಾಭ್ಯಾಸಗಳಿಗಾಗಿ. ಇದು ಮೊದಲ ಬಗೆಯದು. ಪ್ರೀತಿಯ ನಟನ ಮಾತನ್ನು ಗೆಳೆಯರೆದುರು ಆಡಿ ತೋರಿಸಬೇಕೆಂಬ ಆಸೆ ಎರಡನೆಯದಕ್ಕೆ ಸಮೀಪದ್ದು. ಶಾಲೆ ಮೊದಲನೆಯದನ್ನು ಕುರಿತು ಮಾತ್ರ ಮಾತನಾಡಿ ಎರಡನೆಯದನ್ನು ಹೊರಬಾಗಿಲಲ್ಲಿಯೇ ನಿಲ್ಲಿಸಿದರೆ ಪ್ರೇರಣೆಯ ಅರ್ಧಭಾಗ ವ್ಯರ್ಥವಾಗುತ್ತದೆ.

ಹಾಡು ಮತ್ತು ಚಿತ್ರಗಳಿಗೆ ಮೂರು ಅನುಕೂಲಗಳಿವೆ. ಮೊದಲನೆಯದು, ಮಾತಿನ ಅರ್ಥಕ್ಕೆ ದೃಶ್ಯ, ಮುಖಭಾವ, ಸಂಗೀತಗಳ ನೆರವು ಒದಗುತ್ತದೆ. ಎಲ್ಲ ಪದಗಳು ತಿಳಿಯದಿದ್ದರೂ ಸಾರ ತಿಳಿಯುತ್ತದೆ. ಎರಡನೆಯದು, ಪುನರಾವರ್ತನೆ ಬೇಸರ ತರುವುದಿಲ್ಲ. ಪಾಠವನ್ನು ಮೂರನೆಯ ಸಲ ಓದಲು ಒಲ್ಲದ ಮಗು ಹಾಡನ್ನು ಮೂವತ್ತು ಸಲ ಕೇಳುತ್ತದೆ. ಮೂರನೆಯದು, ತಪ್ಪಿಗೆ ಭಯವಿಲ್ಲ. ಆತಂಕ ಹೆಚ್ಚಾದಂತೆ ಭಾಷೆ ಒಳಗಿಳಿಯುವುದು ಕಡಿಮೆಯಾಗುತ್ತದೆಂದು ಸ್ಟೀಫನ್ ಕ್ರಾಶೆನ್ ಪ್ರತಿಪಾದಿಸಿದ ವಿಚಾರ ಅಧ್ಯಾಪಕರಿಗೆ ತರಬೇತಿಗಳಲ್ಲಿ ಪರಿಚಿತವಾದುದೇ.

ತೆರೆ ಕಲಿಸದಿರುವುದು

ಇಷ್ಟಾದರೂ ಚಲನಚಿತ್ರ ಪೂರ್ಣ ಗುರುವಲ್ಲ. ಅನಿಮೆಯಿಂದ ಜಪಾನೀ ಕಲಿತವರು ಹಿರಿಯರೊಡನೆ ಕಥಾನಾಯಕನ ಒರಟು ಧಾಟಿಯಲ್ಲಿ ಮಾತನಾಡಿ ಮುಜುಗರಕ್ಕೊಳಗಾಗುವುದುಂಟು. ಇದನ್ನು ಮನಗಂಡ ಜಪಾನ್ ಫೌಂಡೇಶನ್ 2010ರಲ್ಲಿ ಅನಿಮೆ, ಮಾಂಗಾಗಳ ಭಾಷೆಯನ್ನೇ ವಸ್ತುವಾಗಿಟ್ಟುಕೊಂಡ ಕಲಿಕಾ ಜಾಲತಾಣವನ್ನು ರೂಪಿಸಿತು. ಯಾವ ಪಾತ್ರ ಯಾವ ಬಗೆಯ ಮಾತನ್ನಾಡುತ್ತದೆ, ನಿತ್ಯಜೀವನದ ಮಾತಿಗೂ ಅದಕ್ಕೂ ಭೇದವೇನು ಎಂಬುದನ್ನು ಕಲಿಯುವವರಿಗೆ ತಿಳಿಸಿತು. ಆಸಕ್ತಿಯನ್ನು ನಿಷೇಧಿಸದೆ ಅದನ್ನೇ ಪಾಠವಾಗಿಸಿದ ಈ ಕ್ರಮ ಅನುಕರಣೀಯ.

ಕನ್ನಡ–ತೆಲುಗುಗಳ ನಡುವೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಏಕೆಂದರೆ ಭಾಷೆಗಳು ಹತ್ತಿರದವಾದಷ್ಟೂ ತಪ್ಪು ಮರೆಯಲ್ಲಿರುತ್ತದೆ. ಕೆಲವು ಮುಖ್ಯ ಸ್ಥಳಗಳನ್ನು ಗಮನಿಸಬಹುದು.

ತೆಲುಗಿನಲ್ಲಿ ‘ನೀವು’ ಏಕವಚನ; ಕನ್ನಡದಲ್ಲಿ ಅದು ಬಹುವಚನ ಹಾಗೂ ಗೌರವವಾಚಕ. ತೆಲುಗಿನ ಗೌರವರೂಪ ‘ಮೀರು’. ಹಾಡುಗಳಲ್ಲಿ ‘ನೀವು’ ಎಂದು ಕೇಳಿದ ಕನ್ನಡದ ಮಗು ಅದನ್ನು ಗೌರವವೆಂದು ಬಗೆದು ತೆಲುಗು ಹಿರಿಯರನ್ನು ಹಾಗೆಯೇ ಸಂಬೋಧಿಸಿದರೆ ಕೇಳಿದವರಿಗೆ ಅವಿನಯವಾಗಿ ತೋರುತ್ತದೆ.

ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಎಂದರೆ ಅಜ್ಜಿ. ಬಳ್ಳಾರಿ ಕಡೆಯ ಕನ್ನಡದಲ್ಲಿ ತಾಯಿ. ‘ಚಾಲು’ ತೆಲುಗಿನಲ್ಲಿ ‘ಸಾಕು’. ಕನ್ನಡದ ಬಳಕೆಯಲ್ಲಿ ‘ನಡೆಯುತ್ತಿರುವುದು’. ತೆಲುಗಿನ ‘ತಿಂಡಿ’ ಊಟವನ್ನೂ ಒಳಗೊಳ್ಳುತ್ತದೆ. ಕನ್ನಡದ ತಿಂಡಿ ಉಪಾಹಾರ. ‘ಇಲ್ಲು’ ಎಂಬ ಮನೆಯನ್ನು ‘ಇಲ್ಲ’ ಎಂದು ಕೇಳಿಸಿಕೊಳ್ಳುವ ಮಕ್ಕಳೂ ಇದ್ದಾರೆ.

ಕನ್ನಡದಲ್ಲಿ ‘ಬಂದಳು’, ‘ಬಂತು’ ಬೇರೆ ಬೇರೆ. ತೆಲುಗಿನ ಏಕವಚನದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾರೂಪ. ತೆಲುಗು ಮನೆಮಾತಿನ ಮಗು ಕನ್ನಡದಲ್ಲಿ ‘ಅಕ್ಕ ಬಂತು’ ಎಂದು ಬರೆದರೆ ಅದು ಅಜಾಗ್ರತೆಯಲ್ಲ, ತನ್ನ ಭಾಷೆಯ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ ಫಲ. ಹಾಗೆಯೇ ಕೇಳುವವರನ್ನು ಸೇರಿಸಿಕೊಂಡ ‘ಮನಮು’, ಸೇರಿಸಿಕೊಳ್ಳದ ‘ಮೇಮು’ ಎಂಬ ತೆಲುಗಿನ ಭೇದ ಕನ್ನಡದ ‘ನಾವು’ ಎಂಬಲ್ಲಿ ಇಲ್ಲ. ಇಂಥವನ್ನು ಕೆಂಪುಶಾಯಿಯಿಂದ ಗುರುತಿಸಿದರೆ ಸಾಲದು, ಕಾರಣವನ್ನು ವಿವರಿಸಬೇಕು.

ಇದಲ್ಲದೆ, ತೆರೆಯಿಂದ ದೊರೆಯುವುದು ಸಂಭಾಷಣೆಯ ಭಾಷೆ. ಲೆಕ್ಕದ ಸಮಸ್ಯೆ, ವಿಜ್ಞಾನದ ವಿವರಣೆ, ಅರ್ಜಿ, ಪ್ರಬಂಧಗಳ ಭಾಷೆ ಬೇರೆ. ಈ ಎರಡು ಸಾಮರ್ಥ್ಯಗಳನ್ನು ಜಿಮ್ ಕಮ್ಮಿನ್ಸ್ 1979ರಲ್ಲಿಯೇ ಬೇರ್ಪಡಿಸಿ ತೋರಿಸಿದರು. ನಿರರ್ಗಳವಾಗಿ ತೆಲುಗು ಮಾತನಾಡುವ ಮಗು ತೆಲುಗಿನಲ್ಲಿ ಬರೆಯಲಾರದೆ ಹೋಗುವುದು ಇದರಿಂದಲೇ. ಮಾತು ಬಂದಿದೆಯೆಂಬ ಭ್ರಮೆಯಿಂದ ಅಧ್ಯಾಪಕರೂ ಪೋಷಕರೂ ಬರವಣಿಗೆಯನ್ನು ಅಲಕ್ಷಿಸುವ ಅಪಾಯವೂ ಇಲ್ಲಿದೆ.

ತರಗತಿಯಲ್ಲಿ ಕೈಗೊಳ್ಳಬಹುದಾದ ಚಟುವಟಿಕೆಗಳು

1. ಪ–ಹ ಸಂಗ್ರಹ: ಮಕ್ಕಳು ತಮಗೆ ತಿಳಿದ ತೆಲುಗು ಹಾಡುಗಳಿಂದ ಪಕಾರದಿಂದ ಆರಂಭವಾಗುವ ಪದಗಳನ್ನು ಆರಿಸಿ ತರಲಿ. ಪಾಲು–ಹಾಲು, ಪುಲಿ–ಹುಲಿ, ಪಾಮು–ಹಾವು, ಪಂಡು–ಹಣ್ಣು, ಪುವ್ವು–ಹೂವು ಎಂಬ ಜೋಡಿಗಳು ತಾವಾಗಿ ಹೊರಬೀಳುತ್ತವೆ. ಹಳಗನ್ನಡದಲ್ಲಿಯೂ ಇವು ಪಕಾರದಿಂದಲೇ ಆರಂಭವಾಗುತ್ತಿದ್ದವೆಂದು ಇಲ್ಲಿಯೇ ತಿಳಿಸಿದರೆ, ಮುಂದೆ ಹಳಗನ್ನಡ ಪದ್ಯ ಬಂದಾಗ ಗಡಿನಾಡಿನ ಮಗುವಿಗೆ ಅದು ಪರಕೀಯವೆನಿಸುವುದಿಲ್ಲ. ತೆಲುಗು ಬಲ್ಲುದು ಕನ್ನಡಕ್ಕೇ ಲಾಭವಾಗುವ ಸ್ಥಳವಿದು.

2. ಭಿತ್ತಿಪತ್ರದ ಓದು: ಎರಡು ಲಿಪಿಗಳೂ ಒಂದೇ ಮೂಲದಿಂದ ಕವಲೊಡೆದವು. ಗ, ಜ, ಬ, ಲ, ರ ಮೊದಲಾದ ಅಕ್ಷರಗಳು ಇಂದಿಗೂ ಹೋಲುತ್ತವೆ. ತಲೆಕಟ್ಟಿನ ಆಕಾರ ಹಾಗೂ ಕ, ತ, ಶ ಮೊದಲಾದವು ಬೇರೆ. ಚಲನಚಿತ್ರದ ಹೆಸರು, ಬಸ್ಸಿನ ಫಲಕ, ಅಂಗಡಿಯ ಹಲಗೆಗಳನ್ನು ಎರಡೂ ಲಿಪಿಗಳಲ್ಲಿ ನಕಲು ಮಾಡಿಸಿ ಹೋಲುವ ಹಾಗೂ ಹೋಲದ ಅಕ್ಷರಗಳ ಪಟ್ಟಿ ಮಾಡಿಸಬಹುದು. ಬಳ್ಳಾರಿಗೂ ಪಾವಗಡಕ್ಕೂ ಹೋಗುವ ಬಸ್ಸುಗಳೇ ಇಲ್ಲಿ ಪಠ್ಯ.

3. ಧಾಟಿಯ ಪರಿವರ್ತನೆ: ನಾಯಕನು ಎದುರಾಳಿಗೆ ಹೇಳುವ ಒಂದು ಮಾತನ್ನು ಮಕ್ಕಳೇ ಆರಿಸಲಿ. ಅದೇ ಅರ್ಥವನ್ನು ಅಜ್ಜಿಗೆ, ಬಸ್ಸಿನ ಕಂಡಕ್ಟರಿಗೆ, ಮುಖ್ಯೋಪಾಧ್ಯಾಯರಿಗೆ ಹೇಗೆ ಹೇಳಬೇಕೆಂದು ಮೊದಲು ಕನ್ನಡದಲ್ಲಿ, ಅನಂತರ ತೆಲುಗಿನಲ್ಲಿ ಅಭಿನಯಿಸಿ ತೋರಿಸಲಿ. ನೀನು–ನೀವು, ನುವ್ವು–ಮೀರುಗಳ ಭೇದ ನಗುವಿನ ನಡುವೆಯೇ ಮನಸ್ಸಿಗೆ ನಾಟುತ್ತದೆ.

4. ಅಡಿಬರಹದೊಡನೆ ಹಾಡು: ಹಾಡಿನ ಭಾಷೆಯಲ್ಲಿಯೇ ಅಡಿಬರಹ ತೋರಿಸಿದರೆ ಓದುವ ಸಾಮರ್ಥ್ಯ ವೃದ್ಧಿಸುತ್ತದೆಂಬುದನ್ನು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿದ್ದ ಬ್ರಿಜ್ ಕೊಠಾರಿಯವರು 1990ರ ದಶಕದಿಂದ ಪ್ರಯೋಗಗಳ ಮೂಲಕ ಪ್ರತಿಪಾದಿಸುತ್ತ ಬಂದಿದ್ದಾರೆ. ಉಪಕರಣವಿಲ್ಲದ ಶಾಲೆಯಲ್ಲಿ ಹಾಡಿನ ಸಾಲುಗಳನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳು ಹಾಡುತ್ತಿರುವಾಗ ಒಂದೊಂದು ಪದವನ್ನು ಕೋಲಿನಿಂದ ಮುಟ್ಟುತ್ತ ಹೋದರೂ ಸಾಕು. ಬಾಯಿಗೆ ಬಂದುದನ್ನು ಕಣ್ಣು ಗುರುತಿಸುವುದೇ ಓದಿನ ಆರಂಭ.

5. ತೆಲುಗಿನಲ್ಲಿ ನೋಡಿ, ಕನ್ನಡದಲ್ಲಿ ಬರೆ: ವಾರಾಂತ್ಯದಲ್ಲಿ ನೋಡಿದ ತೆಲುಗು ಚಿತ್ರದ ಕಥೆಯನ್ನು ಸೋಮವಾರ ಹತ್ತು ಕನ್ನಡ ವಾಕ್ಯಗಳಲ್ಲಿ ಬರೆಯುವುದು. ಕಥೆ ಮೊದಲೇ ಗೊತ್ತಿರುವುದರಿಂದ ಮಗುವಿನ ಶಕ್ತಿಯೆಲ್ಲ ಭಾಷೆಗೆ ವಿನಿಯೋಗವಾಗುತ್ತದೆ. ತೆಲುಗು ಬೋಧಿಸುವ ಸಹೋದ್ಯೋಗಿಯೊಡನೆ ಮಾತನಾಡಿಕೊಂಡು ಮರುವಾರ ಕನ್ನಡ ಕಥೆಯೊಂದನ್ನು ತೆಲುಗಿನಲ್ಲಿ ಬರೆಸಬಹುದು.

ಹಾಡು, ದೃಶ್ಯಗಳ ಆಯ್ಕೆಯಲ್ಲಿ ಮಕ್ಕಳ ವಯಸ್ಸಿಗೆ ಒಪ್ಪುವುದನ್ನೇ ಆರಿಸಬೇಕು. ಜಾತಿ, ದೇಹ, ಹೆಣ್ಣುಮಕ್ಕಳನ್ನು ಹಾಸ್ಯಮಾಡುವ ಮಾತುಗಳನ್ನು ಬಿಡಬೇಕು. ಒಂದು ಅವಧಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಲವನ್ನು ಇದಕ್ಕೆ ಕೊಡಬೇಕಾಗಿಲ್ಲ.

ಕನ್ನಡದ ಪಾಲಿಗೆ ಉಳಿಯುವುದೇನು

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿ ಶಾಲೆಯನ್ನು ಉಳಿಸಬಲ್ಲದು. ಮಗುವಿನ ಮನಸ್ಸಿನಲ್ಲಿ ಭಾಷೆಯ ಸ್ಥಾನವನ್ನು ನಿರ್ಧರಿಸುವುದು ಬೇರೊಂದು ಸಂಗತಿ. ಹಾಡು, ನಗು, ಸಾಹಸಗಳೆಲ್ಲ ತೆಲುಗಿನಲ್ಲಿದ್ದು, ಮನೆಗೆಲಸ, ಕಂಠಪಾಠ, ದಂಡನೆಗಳು ಮಾತ್ರ ಕನ್ನಡದಲ್ಲಿದ್ದರೆ, ಹತ್ತು ವರ್ಷಗಳ ಬಳಿಕ ಆ ಮಗು ಯಾವ ಭಾಷೆಯನ್ನು ತನ್ನದೆಂದುಕೊಳ್ಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮುಂದೆ ತನ್ನ ಮಗುವನ್ನು ಕನ್ನಡ ಶಾಲೆಗೆ ಕಳುಹಿಸಬೇಕೇ ಎಂಬ ನಿರ್ಧಾರವನ್ನು ಕೈಗೊಳ್ಳುವುದೂ ಅದೇ ಮಗು.

ಇದಕ್ಕೆ ತೆಲುಗು ಹಾಡನ್ನು ನಿಲ್ಲಿಸುವುದು ಪರಿಹಾರವಲ್ಲ; ಅದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಈ ನೆಲದಲ್ಲಿ ಬಾಳುವ ಮಗುವಿಗೆ ತೆಲುಗು ಬೇಕೇ ಬೇಕು. ಆದರೆ ಕನ್ನಡದಲ್ಲಿಯೂ ಅಷ್ಟೇ ಸವಿಯಾದ ಹಾಡು, ಕಥೆ, ನಾಟಕ, ಚಿತ್ರಗಳಿವೆಯೆಂಬುದು ಮಗುವಿನ ಕಿವಿಗೆ ಬೀಳಬೇಕು. ಮನೆಯಲ್ಲಿ ಆ ಅವಕಾಶ ದೊರೆಯದ ಮಗುವಿಗೆ ಶಾಲೆಯೇ ಅದನ್ನು ಒದಗಿಸಬೇಕು. ಪ್ರಾರ್ಥನೆಯ ಬಳಿಕ ವಾರಕ್ಕೊಂದು ಕನ್ನಡ ಚಿತ್ರಗೀತೆ ಅಥವಾ ಭಾವಗೀತೆ, ತಿಂಗಳಿಗೊಮ್ಮೆ ಕನ್ನಡ ಮಕ್ಕಳ ಚಿತ್ರ, ವಾರ್ಷಿಕೋತ್ಸವದಲ್ಲಿ ಊರಿನ ಹಿರಿಯ ಕಲಾವಿದರಿಂದ ಬಯಲಾಟದ ಒಂದು ಪ್ರಸಂಗ ಎಂಬಷ್ಟರಿಂದ ಆರಂಭಿಸಬಹುದು. ಮನೆಮಾತು ತೆಲುಗಾದ ನೆರೆಯ ಶಾಲೆಯ ಮಕ್ಕಳನ್ನೂ ಆಹ್ವಾನಿಸಿದರೆ ಕನ್ನಡಕ್ಕೆ ಹೊಸ ಕೇಳುಗರೂ ದೊರೆಯುತ್ತಾರೆ.

ಮುಂದಿನ ವಾರದ ಪಾಠಯೋಜನೆಯನ್ನು ಸಿದ್ಧಪಡಿಸುವ ಮೊದಲು ಅಧ್ಯಾಪಕರು ತರಗತಿಯ ಮಕ್ಕಳನ್ನು ಒಂದು ಮಾತು ಕೇಳಿ ನೋಡಬಹುದು: ಅವರಿಗೆ ಪೂರ್ತಿಯಾಗಿ ಬಾಯಿಗೆ ಬರುವ ಹಾಡುಗಳು ಯಾವುವು, ಅವು ಯಾವ ಭಾಷೆಯವು? ಕರಿಹಲಗೆಯ ಮೇಲೆ ಎರಡು ಕಾಲಂಗಳಲ್ಲಿ ಆ ಪಟ್ಟಿಯನ್ನು ಬರೆದರೆ, ಆ ತರಗತಿಯಲ್ಲಿ ಮಾಡಬೇಕಾದ ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ತಾನಾಗಿ ತಿಳಿಯುತ್ತದೆ.